‘ಕಾರ್ಯಾಚರಣೆಯ ಕಾರಣ’ ಅಂದರೆ ಏನು ಸ್ವಾಮಿ? ವಿಮಾನ ಕಂಪನಿಗಳಿಗೊಂದು ಬಹಿರಂಗ ಪತ್ರ

ವಿಮಾನ ಕಂಪನಿ ನಡೆಸುವವರಿಗೆ, ನೆಲದ ಮೇಲಿನ ಕೆಲಸದ ಗುತ್ತಿಗೆ ಹಿಡಿದವರಿಗೆ, ಇವರಿಬ್ಬರ ಮೇಲೂ ಕಣ್ಣಿಡಬೇಕಾದ ಸರ್ಕಾರಿ ಇಲಾಖೆಗಳಿಗೆ,

ನಮಸ್ಕಾರ.

ಕಳೆದ ವರ್ಷ ನಾನು ಹತ್ತಬೇಕಿದ್ದ ವಿಮಾನವೊಂದು 7 ಗಂಟೆ ತಡವಾಯಿತು. ಯಾವ ಕಂಪನಿ ಅಂತ ಹೇಳುವುದಿಲ್ಲ. ಯಾವ ಕಂಪನಿಯಾಗಿದ್ದರೂ ಆವತ್ತು ನಡೆದದ್ದು ಹೀಗೇ ನಡೆಯುತ್ತಿತ್ತು ಅಂತ ಈಗ ನನಗೆ ಖಾತ್ರಿಯಾಗಿದೆ. ನೋಡಿದ್ದನ್ನು ಮೊದಲು ಹೇಳುತ್ತೇನೆ, ಕೇಳಬೇಕಾದ್ದನ್ನು ಆಮೇಲೆ ಕೇಳುತ್ತೇನೆ.

ಗೇಟಿನ ಪಕ್ಕ ಉದ್ದಕ್ಕೂ ಗಾಜಿನ ಗೋಡೆ. ಅದರಾಚೆ ನಮ್ಮ ವಿಮಾನ ನಿಂತಿತ್ತು. ಬೇರೆ ಕೆಲಸ ಇಲ್ಲದೆ ಸುಮ್ನೆ ನೋಡುತ್ತಾ ನಿಂತಿದ್ದೆ. ಲಗೇಜ್ ಏರಿಸುವ ಬೆಲ್ಟ್ ಲೋಡರ್ ಒಂದು ಹಿಂದಿನ ಕಾರ್ಗೋ ಬಾಗಿಲ ಕಡೆ ಬಂತು. ಜೋರಾಗೇನೂ ಬರಲಿಲ್ಲ, ಮೆಲ್ಲಗೇ ಬಂತು. ಇನ್ನೊಂದು ಮಾರು ದೂರ ಇರುವಾಗ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಗಾಜಿನೊಳಗೆ ನಮಗೆ ಸದ್ದು ಕೇಳಿಸಲಿಲ್ಲ. ಬೆಲ್ಟಿನ ತುದಿ ಬಾಗಿಲ ಚೌಕಟ್ಟಿನ ಕೆಳಗೆ ತಾಗಿದ್ದು, ಗಾಡಿ ಸಣ್ಣಗೆ ಜರ್ಕ್ ಹೊಡೆದದ್ದು ಮಾತ್ರ ಕಂಡಿತು. ಓಡಿಸುತ್ತಿದ್ದ ಹುಡುಗ ಇಳಿದ. ಕಣ್ಣು ಕುಕ್ಕುವ ಹಳದಿ ಜಾಕೆಟ್, ಕಿವಿ ಮುಚ್ಚುವ ಮಫ್. ಕೈಗವಸು ತೆಗೆದು ಆ ಜಾಗವನ್ನು ಬರಿಗೈಯಲ್ಲಿ ಸವರಿದ. ಇನ್ನೊಮ್ಮೆ ಸವರಿದ. ಹತ್ತಿರದಲ್ಲಿ ಇನ್ಯಾರೂ ಇರಲಿಲ್ಲ. ಗಾಡಿಯನ್ನು ಒಂದು ಅಡಿ ಹಿಂದಕ್ಕೆ ತೆಗೆದು ಏನೂ ಆಗಿಲ್ಲ ಅನ್ನುವಂತೆ ಲಗೇಜ್ ಏರಿಸಲು ಶುರು ಮಾಡಬಹುದಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಕೈ ಎತ್ತಿ ಸೂಪರ್‌ವೈಸರನ್ನು ಕರೆದ.

ಹತ್ತು ನಿಮಿಷದಲ್ಲಿ ಎಂಜಿನಿಯರ್ ಬಂದರು. ಟಾರ್ಚ್ ಹಿಡಿದು ಓರೆಯಾಗಿ ಬೆಳಕು ಬಿಟ್ಟು ನೋಡಿದರು, ಉಕ್ಕಿನ ಪಟ್ಟಿ ಇಟ್ಟು ಅಳೆದರು, ಫೋನಿನಲ್ಲಿ ಫೋಟೋ ತೆಗೆದರು, ಯಾರಿಗೋ ಕರೆ ಮಾಡಿದರು. ಇಷ್ಟೂ ಗಾಜಿನ ಈಚೆ ನಿಂತ ನೂರಾರು ಜನಕ್ಕೆ ಸಿನಿಮಾ ತರಹ ಕಾಣುತ್ತಿತ್ತು.

ಅದೇ ಹೊತ್ತಿಗೆ ನಮ್ಮ ತಲೆ ಮೇಲಿನ ಬೋರ್ಡ್ ‘ವಿಳಂಬ, 30 ನಿಮಿಷ’ ಅಂತ ತೋರಿಸಿತು. ಮೈಕಿನಲ್ಲಿ ಬಂದ ಮಾತು: ‘ಕಾರ್ಯಾಚರಣೆಯ ಕಾರಣಗಳಿಂದ ವಿಮಾನ ತಡವಾಗುತ್ತಿದೆ.’ ನನ್ನ ಪಕ್ಕದ ಕುರ್ಚಿಯಲ್ಲಿದ್ದ ವಯಸ್ಸಾದ ಅಮ್ಮ ಕೇಳಿದರು, ‘ಆ ಗಾಡಿ ಗುದ್ದಿತಲ್ಲ, ಅದಕ್ಕೇ ಹೀಗಂತಾರಾ?’

ಹೌದಮ್ಮ, ಅದಕ್ಕೇ ಹೀಗಂತಾರೆ.

ಆಮೇಲೆ 30 ನಿಮಿಷ ಇನ್ನೊಂದು 30 ನಿಮಿಷವಾಯಿತು, ಅದು 45 ಆಯಿತು, ಮತ್ತೆ ಒಂದು ಗಂಟೆ. ಹೀಗೆ ಕಂತಿನಲ್ಲಿ ಕೊಟ್ಟೂ ಕೊಟ್ಟೂ 7 ಗಂಟೆ ಮುಗಿಯಿತು. ಊಟಕ್ಕೆ ಹೋದವರು ಅರ್ಧಕ್ಕೇ ಎದ್ದು ಓಡಿ ಬಂದರು, ‘ಬೋರ್ಡಿಂಗ್ ಶುರುವಾದರೆ?’ ಅನ್ನುವ ಭಯಕ್ಕೆ. ಮುಂದಿನ ಊರಿನಲ್ಲಿ ಇನ್ನೊಂದು ವಿಮಾನ ಹಿಡಿಯಬೇಕಿದ್ದವರು ಬೇರೆ ಟಿಕೆಟ್ ಮಾಡಲೂ ಆಗದೆ ಬಿಡಲೂ ಆಗದೆ ಕೂತರು. ವಿಮಾನ ಇವತ್ತು ಹಾರುವುದಿಲ್ಲ ಅನ್ನುವುದು ಎಂಜಿನಿಯರಿಗೆ ಬಹುಶಃ ಮೊದಲ ಗಂಟೆಯಲ್ಲೇ ಗೊತ್ತಾಗಿತ್ತು. ನಮಗೆ ಹೇಳಿದ್ದು ಐದನೇ ಗಂಟೆಯಲ್ಲಿ. ಅದೂ ಕಾರಣ ಹೇಳದೆ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ, ಇಲ್ಲದಿದ್ದರೆ ‘ಇವರಿಗೆ ಸುರಕ್ಷತೆಗಿಂತ ಅವಸರವೇ ಜಾಸ್ತಿ’ ಅಂತ ಉತ್ತರ ಕೊಡುತ್ತೀರಿ. ಆ ವಿಮಾನವನ್ನು ನಿಲ್ಲಿಸಿದ್ದು ಸರಿ. ನೂರಕ್ಕೆ ನೂರು ಸರಿ. ‘ಅಷ್ಟು ಚಿಕ್ಕ ಡೆಂಟಿಗೆ ಇಷ್ಟೊಂದು ರಾದ್ಧಾಂತವಾ? ಕಾರಿಗೆ ಆದರೆ ಓಡಿಸಲ್ವಾ?’ ಅಂತ ಗೇಟಿನಲ್ಲಿ ಒಬ್ಬರು ಕೂಗಾಡುತ್ತಿದ್ದರು. ಕಾರಿಗೂ ವಿಮಾನಕ್ಕೂ ಇರುವ ವ್ಯತ್ಯಾಸ ಗಾಳಿ. ಮೇಲೆ ಹೋದಾಗ ಹೊರಗಿನ ಗಾಳಿ ತೆಳುವಾಗಿರುತ್ತದೆ, ಒಳಗಿನದ್ದು ನಾವು ಉಸಿರಾಡುವಷ್ಟು ದಟ್ಟವಾಗಿರಬೇಕು. ವಿಮಾನದ ಮೈ ಒಂದು ಬಲೂನಿನ ಹಾಗೆ ಬಿಗಿದುಕೊಳ್ಳುತ್ತದೆ. ಪ್ರತಿ ಚದರ ಅಂಗುಲಕ್ಕೆ ಸುಮಾರು 8 ಪೌಂಡ್ ಒತ್ತಡ, ಅಂದರೆ ಒಂದು ಚದರ ಮೀಟರ್ ಜಾಗಕ್ಕೆ 5 ಟನ್ನಿಗಿಂತ ಜಾಸ್ತಿ. ಇದನ್ನು ತಡೆದುಕೊಳ್ಳುವ ಅಲ್ಯೂಮಿನಿಯಂ ಹಾಳೆ ಎಷ್ಟು ದಪ್ಪ ಗೊತ್ತಾ? ಸಣ್ಣ ಜೆಟ್‌ಗಳಲ್ಲಿ ಎಷ್ಟೋ ಕಡೆ ಒಂದೆರಡು ಮಿಲಿಮೀಟರ್ ಅಷ್ಟೇ. ಒಳಗೆ ಪಕ್ಕೆಲುಬಿನ ಹಾಗೆ ಪಟ್ಟಿಗಳಿರುತ್ತವೆ. ಹಾಳೆ ಮತ್ತು ಪಟ್ಟಿ ಸೇರಿ ಭಾರ ಹೊರುತ್ತವೆ. ಡೆಂಟ್ ಎಷ್ಟು ಆಳ, ಎಷ್ಟು ಅಗಲ, ಪಟ್ಟಿಯಿಂದ ಎಷ್ಟು ದೂರ, ರಿವೆಟ್ ಸಾಲಿಗೆ ತಾಗಿದೆಯಾ, ಬಿರುಕು ಇದೆಯಾ, ಇಷ್ಟನ್ನೂ ಅಳೆದು ತಯಾರಕರ ರಿಪೇರಿ ಕೈಪಿಡಿಯ ಜೊತೆ ಹೋಲಿಸಬೇಕು. ಮಿತಿಯೊಳಗಿದ್ದರೆ ಬರೆದಿಟ್ಟು ಹಾರಿಸಬಹುದು. ಮಿತಿ ದಾಟಿದರೆ, ಅಥವಾ ಕೈಪಿಡಿಯಲ್ಲಿ ಆ ಜಾಗಕ್ಕೆ ಉತ್ತರವೇ ಇಲ್ಲದಿದ್ದರೆ, ತಯಾರಕರಿಗೇ ಬರೆದು ಕಾಯಬೇಕು. ಬಾಗಿಲಿನ ಸುತ್ತಮುತ್ತಲಂತೂ ಮಿತಿ ಇನ್ನೂ ಬಿಗಿ.

ಹೊಸ ವಿಮಾನಗಳ ಕಥೆ ಇನ್ನೊಂದು ಥರ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ ಕಾಂಪೋಸಿಟ್, ಅಂದರೆ ಕಾರ್ಬನ್ ನಾರು ಮತ್ತು ಅಂಟಿನ ಪದರಗಳು. ಏರ್‌ಬಸ್ ಎ350ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಯೂಮಿನಿಯಂ ಏಟು ತಿಂದರೆ ತಗ್ಗು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಕಾಂಪೋಸಿಟ್ ಎಷ್ಟೋ ಸಲ ತಗ್ಗು ಬೀಳದೆ ವಾಪಸ್ ಪುಟಿಯುತ್ತದೆ. ಹೊರಗೆ ಬಣ್ಣವೂ ಹೋಗಿರುವುದಿಲ್ಲ, ಒಳಗೆ ಪದರ ಬಿಟ್ಟಿರುತ್ತದೆ. ಅದನ್ನು ಪತ್ತೆ ಮಾಡಲು ಅಲ್ಟ್ರಾಸೌಂಡ್ ಬೇಕು. ಈಗ ಯೋಚಿಸಿ: ತಾಗಿಸಿದವನು ಬಾಯಿ ಬಿಡದಿದ್ದರೆ ಆ ಜಾಗಕ್ಕೆ ಅಲ್ಟ್ರಾಸೌಂಡ್ ಹಿಡಿಯಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಬಾಯಿ ಬಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದಾಖಲೆಯಲ್ಲೇ ಒಂದು ಘಟನೆ ಇದೆ. 2005ರ ಡಿಸೆಂಬರ್ 26. ಅಲಾಸ್ಕಾ ಏರ್‌ಲೈನ್ಸ್‌ನ 536ನೇ ವಿಮಾನ, ಎಂಡಿ-80 ಕುಟುಂಬದ್ದು, ಸಿಯಾಟಲ್‌ನಿಂದ ಬರ್ಬ್ಯಾಂಕ್‌ಗೆ ಹೊರಟಿತ್ತು. ಸುಮಾರು 26,000 ಅಡಿ ಎತ್ತರದಲ್ಲಿ ಒಳಗಿನ ಗಾಳಿ ಧುಮ್ಮಿಕ್ಕಿ ಹೊರಗೆ ಹೋಯಿತು, ಆಕ್ಸಿಜನ್ ಮಾಸ್ಕ್‌ಗಳು ಬಿದ್ದವು. ಪೈಲಟ್‌ಗಳು ಕೆಳಗಿಳಿಸಿ ಸಿಯಾಟಲ್‌ಗೇ ವಾಪಸ್ ತಂದರು, ಎಲ್ಲರೂ ಬದುಕಿದರು. ಇಳಿದ ಮೇಲೆ ನೋಡಿದರೆ ವಿಮಾನದ ಮೈಯಲ್ಲಿ ಸುಮಾರು ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ತೂತು. ಹೊರಡುವ ಮುಂಚೆ ಲಗೇಜ್ ಎಳೆಯುವ ಟಗ್ ಅಲ್ಲಿಗೆ ತಾಗಿತ್ತು. ಓಡಿಸುತ್ತಿದ್ದವನು ಆವಾಗ ಯಾರಿಗೂ ಹೇಳಿರಲಿಲ್ಲ.

ಆತನನ್ನು ರಾಕ್ಷಸ ಮಾಡುವುದು ಸುಲಭ. ನಾನೂ ಮೊದಲು ಓದಿದಾಗ ಹಾಗೇ ಅಂದುಕೊಂಡೆ. ಆಮೇಲೆ ಗಾಜಿನಾಚೆ ಕೈಗವಸು ತೆಗೆದು ನಿಂತಿದ್ದ ಹುಡುಗ ನೆನಪಾದ. ಆ ಸ್ವಲ್ಪ ಹೊತ್ತಿನಲ್ಲಿ ಅವನ ತಲೆಯಲ್ಲಿ ಏನು ಓಡಿರಬಹುದು? ಈ ಕೆಲಸ ಹೋಗುತ್ತದಾ? ಸಂಬಳ ಹಿಡಿಯುತ್ತಾರಾ? ಪೊಲೀಸ್ ಬರುತ್ತಾರಾ? ಗುತ್ತಿಗೆ ಕಂಪನಿ ನನ್ನ ಪರ ನಿಲ್ಲುತ್ತದಾ, ಇಲ್ಲ ‘ಇವನೇ ಮಾಡಿದ್ದು’ ಅಂತ ಕೈ ತೊಳೆದುಕೊಳ್ಳುತ್ತದಾ? ಅವನು ಹೇಳದೇ ಇರಲು ಹತ್ತು ಕಾರಣ ಇದ್ದವು, ಹೇಳಲು ಒಂದೇ ಒಂದು ಕಾರಣ ಇತ್ತು, ಒಳಗೆ ಕೂರಬೇಕಿದ್ದ ನಾವು. ಅವನು ಹೇಳಿದ. ಆಮೇಲೆ ಅವನಿಗೆ ಏನಾಯಿತು ಅಂತ ನನಗೆ ಯಾರೂ ಹೇಳಲಿಲ್ಲ, ದೂರು ಕೊಡುವಾಗ ಬೇಕಂತಲೇ ಕೇಳಿದ್ದೆ.

ನಿಮ್ಮ ವಲಯದಲ್ಲಿ ‘ಜಸ್ಟ್ ಕಲ್ಚರ್’ ಅನ್ನುವ ಮಾತಿದೆ. ಪ್ರಾಮಾಣಿಕವಾಗಿ ಆದ ತಪ್ಪನ್ನು ಹೇಳಿಕೊಂಡವನಿಗೆ ಶಿಕ್ಷೆ ಕೊಡಬಾರದು, ಬೇಕಂತಲೇ ಅಡ್ಡಾದಿಡ್ಡಿ ಮಾಡಿದವನನ್ನು ಬಿಡಬಾರದು, ಇಷ್ಟೇ ಅದರ ಸಾರ. ಪೈಲಟ್‌ಗಳ ವಿಷಯದಲ್ಲಿ ಇದನ್ನು ಎಷ್ಟೋ ಮಟ್ಟಿಗೆ ಪಾಲಿಸುತ್ತೀರಿ. ರ‍್ಯಾಂಪಿನ ಮೇಲೆ, ಅಂದರೆ ವಿಮಾನಗಳು ನಿಲ್ಲುವ ಅಂಗಳದಲ್ಲಿ, ಬಿಸಿಲಲ್ಲಿ ಮಳೆಯಲ್ಲಿ ಪೆಟ್ಟಿಗೆ ಎಸೆಯುವ ಗುತ್ತಿಗೆ ಕೆಲಸಗಾರನವರೆಗೆ ಅದು ಇಳಿದಿದೆಯಾ? ಪೋಸ್ಟರ್ ಅಂಟಿಸಿರುತ್ತೀರಿ, ಅದು ಗೊತ್ತು. ಅವನ ಗುತ್ತಿಗೆ ಪತ್ರದಲ್ಲಿ ಏನು ಬರೆದಿದೆ ಅನ್ನುವುದು ನನ್ನ ಪ್ರಶ್ನೆ.

ನನ್ನ ಮುಖ್ಯ ದೂರು ಇಲ್ಲೇ ಇದೆ. ತಾಗಿಸಿದ ತಕ್ಷಣ ಹೇಳು, ಮುಚ್ಚಿಡಬೇಡ, ಎಷ್ಟೇ ಚಿಕ್ಕದಾದರೂ ಹೇಳು ಅಂತ ಕಡಿಮೆ ಸಂಬಳದ ಆ ಹುಡುಗನಿಗೆ ಪಾಠ ಮಾಡುತ್ತೀರಿ. ಅವನು ಪಾಠ ಒಪ್ಪಿಸಿದ. ಅವನು ಬಾಯಿ ಬಿಟ್ಟ ಮೇಲೆ ಆ ಸತ್ಯ ನಿಮ್ಮ ಕಂಟ್ರೋಲ್ ರೂಮಿಗೆ ಹೋಯಿತು, ಅಲ್ಲಿಂದ ಗೇಟಿಗೆ ಬರುವಷ್ಟರಲ್ಲಿ ‘ಕಾರ್ಯಾಚರಣೆಯ ಕಾರಣ’ ಆಗಿಬಿಟ್ಟಿತು. ಅವನಿಗೊಂದು ನ್ಯಾಯ, ನಿಮಗೊಂದು ನ್ಯಾಯವಾ?

ಇನ್ನು ಇದು ಯಾಕೆ ಆಗುತ್ತದೆ ಅನ್ನುವ ವಿಷಯ. ಒಂದು ವಿಮಾನ ನಿಂತ ಕೂಡಲೇ ಅದರ ಸುತ್ತ ಜಾತ್ರೆ ಶುರುವಾಗುತ್ತದೆ. ಗೇಟಿನಿಂದ ವಿಮಾನದ ಬಾಗಿಲಿಗೆ ಚಾಚುವ ಏರೋಬ್ರಿಡ್ಜ್ ಅಥವಾ ಮೆಟ್ಟಿಲ ಗಾಡಿ, ಎರಡು ಬೆಲ್ಟ್ ಲೋಡರ್, ಲಗೇಜ್ ಟ್ರಾಲಿಗಳ ಸಾಲು, ಇಂಧನದ ಗಾಡಿ, ಊಟದ ಲಾರಿ, ನೀರಿನ ಗಾಡಿ, ಶೌಚದ ಗಾಡಿ, ಕರೆಂಟಿನ ಗಾಡಿ, ಕೊನೆಗೆ ಹಿಂದಕ್ಕೆ ತಳ್ಳುವ ಪುಶ್‌ಬ್ಯಾಕ್ ಟಗ್. ದೊಡ್ಡ ವಿಮಾನವಾದರೆ ಕಂಟೇನರ್ ಎತ್ತುವ ಲೋಡರ್‌ಗಳೂ ಬರುತ್ತವೆ. ಇಷ್ಟೂ ಮುಗಿಯಲು ಸಣ್ಣ ಜೆಟ್‌ಗೆ ನೀವು ಕೊಡುವ ಸಮಯ ಕೆಲವು ಕಡೆ 25 ನಿಮಿಷ, ಕೆಲವು ಕಡೆ 40. ಈ ಟರ್ನ್‌ಅರೌಂಡ್ ಸಮಯದಲ್ಲಿ ಐದು ನಿಮಿಷ ಉಳಿಸಿದವರಿಗೆ ಮೀಟಿಂಗ್‌ನಲ್ಲಿ ಚಪ್ಪಾಳೆ. ಗಾಡಿ ವಿಮಾನದ ಹತ್ತಿರ ಬರುವ ಮುಂಚೆ ಒಮ್ಮೆ ನಿಲ್ಲಿಸಿ ಬ್ರೇಕ್ ಪರೀಕ್ಷಿಸಬೇಕು ಅನ್ನುವ ನಿಯಮ ಕೈಪಿಡಿಯಲ್ಲಿದೆ. ಕೈ ಸನ್ನೆ ಮಾಡಲು ಒಬ್ಬ ನಿಂತಿರಬೇಕು ಅಂತಲೂ ಇದೆ. ಆವತ್ತು ಆ ಹುಡುಗನಿಗೆ ಸನ್ನೆ ಮಾಡಲು ಯಾರೂ ನಿಂತಿರಲಿಲ್ಲ. ನಾನು ನೋಡಿದ್ದೇನೆ, ಅದೇ ಗಾಜಿನ ಹಿಂದಿನಿಂದ.

ಇನ್ನೊಂದು ಸಂಗತಿ, ನನಗೆ ಇದು ಗೊತ್ತಾದಾಗ ಬಹಳ ಆಶ್ಚರ್ಯವಾಯಿತು. ನಿಂತ ವಿಮಾನ ನಿಂತ ಹಾಗೇ ಇರುವುದಿಲ್ಲ. ಜನ ಇಳಿದು ಲಗೇಜ್ ಇಳಿದಂತೆ ಮೈ ಹಗುರಾಗಿ ಮೇಲೇಳುತ್ತದೆ, ಇಂಧನ ತುಂಬಿ ಪೆಟ್ಟಿಗೆ ಏರಿದಂತೆ ಕೆಳಗೆ ಕೂರುತ್ತದೆ. ಬಾಗಿಲು ತೆರೆದು ಮೆಟ್ಟಿಲು ಹಚ್ಚಿ ಇಟ್ಟಿರುತ್ತಾರೆ, ಯಾರೂ ಏನೂ ಮಾಡದಿದ್ದರೂ ವಿಮಾನ ನಿಧಾನಕ್ಕೆ ಕುಸಿದು ಬಾಗಿಲ ಅಂಚು ಮೆಟ್ಟಿಲ ಮೇಲೆ ಕೂತು ಕೀಲು ಹಾಳಾಗುವುದುಂಟು. ಏರೋಬ್ರಿಡ್ಜ್‌ಗಳಲ್ಲಿ ಇದನ್ನು ಗಮನಿಸಿ ತಾನೇ ಏರಿಳಿಯುವ ವ್ಯವಸ್ಥೆ ಇರುತ್ತದೆ, ವಿಮಾನದ ಮೈಗೆ ಒಂದು ಚಿಕ್ಕ ಚಕ್ರ ತಾಗಿಕೊಂಡಿರುತ್ತದಲ್ಲ, ಅದೇ. ಎಲ್ಲ ಮೆಟ್ಟಿಲ ಗಾಡಿಯಲ್ಲಿ, ಎಲ್ಲ ಊಟದ ಲಾರಿಯಲ್ಲಿ ಅದು ಇರುವುದಿಲ್ಲ. ಅಲ್ಲಿ ಮನುಷ್ಯನ ಕಣ್ಣೇ ಗತಿ. ಆ ಮನುಷ್ಯನೋ ಆಗಲೇ ಇನ್ನೊಂದು ಗೇಟಿಗೆ ಓಡಿರುತ್ತಾನೆ.

ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ 2022ರಲ್ಲಿ ಒಂದು ಅಧ್ಯಯನ ಹೊರಡಿಸಿತು. ಈಗಿನ ಹಾಗೇ ನಡೆದರೆ ನೆಲದ ಮೇಲಿನ ಹಾನಿಯ ವಾರ್ಷಿಕ ಖರ್ಚು 2035ರ ಹೊತ್ತಿಗೆ ಎರಡು ಪಟ್ಟಾಗಿ 1,000 ಕೋಟಿ ಡಾಲರ್ ಹತ್ತಿರ ಹೋಗುತ್ತದೆ ಅಂತ ಅವರೇ ಬರೆದಿದ್ದಾರೆ. ನಿಂತ ವಿಮಾನಕ್ಕೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ಗಾಡಿಗಳು ಮೈಗೆ ಗುದ್ದುವುದರಿಂದ. ಬೆಲ್ಟ್ ಲೋಡರ್, ಕಾರ್ಗೋ ಲೋಡರ್, ಮೆಟ್ಟಿಲು, ಏರೋಬ್ರಿಡ್ಜ್, ಈ ನಾಲ್ಕರಲ್ಲಿ ಮುಕ್ಕಾಲು ಪಾಲನ್ನು ಸೆನ್ಸರ್ ಇರುವ ಹೊಸ ಮಾದರಿಗೆ ಬದಲಿಸಿದರೆ ಖರ್ಚು ಶೇ. 42ರಷ್ಟು ಇಳಿಯುತ್ತದೆ ಅನ್ನುವ ಲೆಕ್ಕವೂ ಅದರಲ್ಲೇ ಇದೆ. ಈ ಹೊಸ ಗಾಡಿಗಳಲ್ಲಿ ಮಾಯಮಂತ್ರ ಏನಿಲ್ಲ. ವಿಮಾನ ಹತ್ತಿರವಾದಂತೆ ತಾನೇ ವೇಗ ಇಳಿಸುತ್ತವೆ, ತಾಗುವ ಮುಂಚೆ ತಾನೇ ನಿಲ್ಲುತ್ತವೆ. ಹಿಂದಕ್ಕೆ ತೆಗೆಯುವಾಗ ಪೀಂ ಪೀಂ ಅನ್ನುವ ಕಾರಿನ ವ್ಯವಸ್ಥೆ ನಮ್ಮಲ್ಲಿ ಎಷ್ಟು ಜನರ ಮನೆ ಮುಂದಿಲ್ಲ? ಕೋಟಿಗಟ್ಟಲೆ ಬೆಲೆಯ ವಿಮಾನದ ಪಕ್ಕ ಓಡಾಡುವ ಗಾಡಿಗೆ ಅದು ಇಲ್ಲ ಅಂದರೆ ನಗಬೇಕೋ ಅಳಬೇಕೋ.

ಯಾಕೆ ಬದಲಿಸುತ್ತಿಲ್ಲ ಅನ್ನುವುದಕ್ಕೆ ನನಗೆ ತೋಚುವ ಉತ್ತರ ಇದು: ಗಾಡಿ ಗುತ್ತಿಗೆದಾರನದು, ವಿಮಾನ ಕಂಪನಿಯದು, ನೆಲ ಏರ್‌ಪೋರ್ಟಿನದು. ಸೆನ್ಸರ್ ಗಾಡಿಗೆ ದುಡ್ಡು ಹಾಕಬೇಕಾದವನಿಗೆ ಅದರಿಂದ ಉಳಿಯುವ ದುಡ್ಡು ಪೂರ್ತಿ ಸಿಗುವುದಿಲ್ಲ. ಗುತ್ತಿಗೆ ಕೊಡುವಾಗ ನೀವು ಹುಡುಕುವುದು ಕಡಿಮೆ ರೇಟು. ಕಡಿಮೆ ರೇಟಿಗೆ ಸಿಗುವುದು ಹಳೇ ಗಾಡಿ ಮತ್ತು ಒಬ್ಬಂಟಿ ಹುಡುಗ.

ಈಗ ವೇಳಾಪಟ್ಟಿಯ ಕಥೆಗೆ ಬನ್ನಿ. ನಾವು ಗೇಟಿನಲ್ಲಿ ಕೂತವರು ‘ನಮ್ಮ ವಿಮಾನ’ ಅಂತ ಅಂದುಕೊಳ್ಳುತ್ತೇವೆ, ನಿಮ್ಮ ಕಂಟ್ರೋಲ್ ರೂಮಿನ ಪರದೆಯಲ್ಲಿ ಅದು ಒಂದು ಉದ್ದನೆಯ ಸಾಲು. ಸಣ್ಣ ಜೆಟ್ ದಿನಕ್ಕೆ ನಾಲ್ಕರಿಂದ ಆರು ಸಲ ಹಾರುತ್ತದೆ. ಬೆಳಗ್ಗೆ ಮೊದಲ ಸರದಿಯಲ್ಲೇ ಏಟು ತಿಂದರೆ ಉಳಿದ ಐದೂ ಸರದಿ ಅನಾಥ. ನಿಮ್ಮ ಭಾಷೆಯಲ್ಲಿ ಎಒಜಿ, ಅಂದರೆ ನೆಲಕ್ಕೆ ಕೂತ ವಿಮಾನ. ಬದಲಿ ವಿಮಾನ ತರಬೇಕೆಂದರೆ ಇನ್ನೊಂದು ಸಾಲಿನಿಂದ ಕೀಳಬೇಕು, ಆಗ ಆ ಸಾಲಿನವರು ಅನಾಥ. ಜೊತೆಗೆ ಪೈಲಟ್‌ಗಳ ಕೆಲಸದ ಗಂಟೆ. ದೇಶದಿಂದ ದೇಶಕ್ಕೆ, ಶುರುವಾದ ಹೊತ್ತಿನ ಪ್ರಕಾರ ನಿಯಮ ಬೇರೆ, ಇಬ್ಬರೇ ಪೈಲಟ್ ಇದ್ದರೆ ಹೆಚ್ಚು ಕಡಿಮೆ 9ರಿಂದ 14 ಗಂಟೆಯೊಳಗೆ ಅವರ ದಿನ ಮುಗಿಯಬೇಕು. ಗೇಟಿನಲ್ಲಿ ಕಾಯುತ್ತಾ ಕೂತ ಗಂಟೆಯೂ ಅದರಲ್ಲಿ ಸೇರುತ್ತದೆ. ನಮಗೆ ಬದಲಿ ವಿಮಾನ ಬಂದು ನಿಂತಾಗ ನಮ್ಮ ಪೈಲಟ್‌ಗಳ ಗಂಟೆ ಮುಗಿದಿತ್ತು. ವಿಮಾನ ಉಂಟು, ಓಡಿಸುವವರಿಲ್ಲ! ಮತ್ತೆ ಒಂದೂವರೆ ಗಂಟೆ. ಅದಕ್ಕೂ ಮೈಕಿನಲ್ಲಿ ಅದೇ ಮಾತು, ‘ಕಾರ್ಯಾಚರಣೆಯ ಕಾರಣ.’

ನನಗೆ ಹೆಚ್ಚು ಪಾಪ ಅನ್ನಿಸುವುದು ಸಂಜೆಯವರ ವಿಷಯದಲ್ಲಿ. ನಾವಾದರೂ ಗಾಡಿ ಗುದ್ದಿದ್ದನ್ನು ಕಣ್ಣಾರೆ ಕಂಡಿದ್ದೆವು. ಅದೇ ವಿಮಾನದ ನಾಲ್ಕನೇ ಸರದಿಗೆ ಇನ್ಯಾವುದೋ ಊರಿನಲ್ಲಿ ಕಾಯುತ್ತಿದ್ದವರಿಗೆ ಬಂದ ಮೆಸೇಜ್ ‘ಹಿಂದಿನ ವಿಮಾನ ತಡವಾಗಿ ಬರುತ್ತಿರುವುದರಿಂದ’ ಅಂತ ಇರುತ್ತದೆ. ಅದು ಯಾಕೆ ತಡ ಅಂತ ಕೇಳಿದರೆ ಇನ್ನೊಂದು ಹಿಂದಿನ ವಿಮಾನ. ಈರುಳ್ಳಿ ಸುಲಿದ ಹಾಗೆ. ಬೆಳಗ್ಗೆ 7ಕ್ಕೇ ಗೊತ್ತಿದ್ದ ವಿಷಯವನ್ನು ಅವರಿಗೆ ಮಧ್ಯಾಹ್ನವೇ ಹೇಳಿದ್ದರೆ ಎಷ್ಟು ಜನ ಮನೆಯಿಂದಲೇ ಹೊರಡುತ್ತಿರಲಿಲ್ಲ, ಎಷ್ಟು ಜನ ರೈಲು ಹಿಡಿಯುತ್ತಿದ್ದರು!

ಬದಲಿ ವಿಮಾನ ಇಟ್ಟುಕೊಳ್ಳಿ ಅಂದರೆ ದುಬಾರಿ ಅನ್ನುತ್ತೀರಿ. ನಿಂತ ವಿಮಾನ ದುಡಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಇಂಥದ್ದು ಎಲ್ಲೋ ಹತ್ತು ವರ್ಷಕ್ಕೊಮ್ಮೆ ಆಗುವ ಗ್ರಹಚಾರ ಅಂತ ನೀವು ಹೇಳುವ ಹಾಗಿಲ್ಲ. ನಿಮ್ಮದೇ ಒಕ್ಕೂಟ ಸಾವಿರ ಕೋಟಿ ಡಾಲರಿನ ಲೆಕ್ಕ ಹಾಕಿದೆ ಅಂದಮೇಲೆ ಇದು ಮಳೆಗಾಲ ಬಂದ ಹಾಗೆ ಬರುವಂಥದ್ದು. ಮಳೆ ಬರುತ್ತದೆ ಅಂತ ಗೊತ್ತಿದ್ದೂ ಕೊಡೆ ಇಟ್ಟುಕೊಳ್ಳದವರು ನೆನೆದಾಗ ಮೋಡವನ್ನು ಬೈಯಬಾರದು.

ಪರಿಹಾರದ ವಿಷಯಕ್ಕೆ ಬರೋಣ. ಇಲ್ಲಿ ನೀವು ಆಡುವ ಆಟ ನನಗೆ ಹೆಚ್ಚು ಸಿಟ್ಟು ತರಿಸುವುದು.

ಯುರೋಪಿನಲ್ಲಿ 2004ರ ಒಂದು ನಿಯಮ ಇದೆ, 261ನೇ ನಂಬರಿನದು. ವಿಮಾನ ರದ್ದಾದರೆ, 2009ರ ಕೋರ್ಟ್ ತೀರ್ಪಿನ ನಂತರ 3 ಗಂಟೆಗಿಂತ ತಡವಾಗಿ ತಲುಪಿದರೂ, ದೂರ ನೋಡಿ 250, 400 ಅಥವಾ 600 ಯೂರೋ ಕೊಡಬೇಕು. ‘ಅಸಾಧಾರಣ ಸಂದರ್ಭ’ ಇದ್ದರೆ ಕೊಡಬೇಕಾಗಿಲ್ಲ. ಈ ಎರಡು ಪದದ ಕಿಂಡಿಯಲ್ಲಿ ಎಷ್ಟು ಕಂಪನಿಗಳು ನುಸುಳಲು ನೋಡಿವೆ ಅನ್ನುವುದಕ್ಕೆ ತೀರ್ಪುಗಳ ರಾಶಿಯೇ ಸಾಕ್ಷಿ. ಅಂಟಾಲಿಯಾದಿಂದ ಫ್ರಾಂಕ್‌ಫರ್ಟ್‌ಗೆ ಬರಬೇಕಿದ್ದ ಒಂದು ವಿಮಾನ 6 ಗಂಟೆಗೂ ಹೆಚ್ಚು ತಡವಾಯಿತು. ಕಾರಣ, ಹಿಂದಿನ ಸಂಜೆ ಸ್ಟುಟ್‌ಗಾರ್ಟ್‌ನಲ್ಲಿ ಮೆಟ್ಟಿಲ ಗಾಡಿ ಅದರ ರೆಕ್ಕೆಗೆ ಗುದ್ದಿತ್ತು. ‘ಇದು ನಮ್ಮ ಕೈ ಮೀರಿದ್ದು’ ಅಂದಿತು ಕಂಪನಿ. 2014ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿದ್ದು: ಜನ ಹತ್ತಿ ಇಳಿಯಲು ಮೆಟ್ಟಿಲು ಬೇಕೇ ಬೇಕು, ಮೆಟ್ಟಿಲು ತಾಗುವುದು ವಿಮಾನ ಓಡಿಸುವ ದಿನನಿತ್ಯದ ವ್ಯವಹಾರದೊಳಗೇ ಬರುತ್ತದೆ, ಅದರಲ್ಲಿ ಅಸಾಧಾರಣ ಏನೂ ಇಲ್ಲ. ಓದಿ ನನಗೆ ಖುಷಿಯಾಯಿತು.

ಖುಷಿ ಪೂರ್ತಿ ನಿಲ್ಲಲಿಲ್ಲ, ನ್ಯಾಯವಾಗಿ ಅದನ್ನೂ ಹೇಳಬೇಕು. 2021ರ ಜನವರಿಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ, ನಿಂತಿದ್ದ ವಿಮಾನದ ಬಾಲಕ್ಕೆ ಇನ್ನೊಂದು ಕಂಪನಿಯ ವಿಮಾನದ ರೆಕ್ಕೆ ತುದಿ ಬಡಿದರೆ ಅದು ಅಸಾಧಾರಣ ಅಂದಿತು. ರನ್‌ವೇ ಮೇಲೆ ಬಿದ್ದಿದ್ದ ಸ್ಕ್ರೂ ಟೈರಿಗೆ ಚುಚ್ಚಿದ್ದೂ ಅಸಾಧಾರಣ, 2019ರಲ್ಲಿ, ಆದರೆ ತಡ ತಪ್ಪಿಸಲು ಕೈಲಾದದ್ದೆಲ್ಲ ಮಾಡಿದ್ದೇವೆ ಅಂತ ಕಂಪನಿ ತೋರಿಸಬೇಕು ಅನ್ನುವ ಷರತ್ತಿನೊಂದಿಗೆ. ಅಂದರೆ ಒಬ್ಬ ಪ್ರಯಾಣಿಕನಿಗೆ ದುಡ್ಡು ಸಿಗುತ್ತದಾ ಇಲ್ಲವಾ ಅನ್ನುವುದು ಏನು ತಾಗಿತು, ಯಾರದ್ದು ತಾಗಿತು ಅನ್ನುವುದರ ಮೇಲೆ ನಿಂತಿದೆ. ಮೆಟ್ಟಿಲಾ, ರೆಕ್ಕೆಯಾ, ಸ್ಕ್ರೂವಾ? ಇಂಥ ಪರಿಸ್ಥಿತಿಯಲ್ಲಿ ‘ಕಾರ್ಯಾಚರಣೆಯ ಕಾರಣ’ ಅಂತಷ್ಟೇ ಹೇಳಿ ಸುಮ್ಮನಾದರೆ ಅವನು ಯಾವ ಮುಖ ಇಟ್ಟುಕೊಂಡು ಕೇಳುತ್ತಾನೆ? ಆ ಮಾತಿನ ಉಪಯೋಗವೇ ಅದು ಅಂತ ನನಗೆ ಈಗೀಗ ಅನುಮಾನ.

ನಾನು ಹೊರಟಿದ್ದ ಕಡೆ ಈ ನಿಯಮ ನಡೆಯುವುದಿಲ್ಲ, ಹಾಗಾಗಿ ನನಗೆ ಸಿಕ್ಕಿದ್ದು ಒಂದು ತಣ್ಣಗಿನ ಸ್ಯಾಂಡ್‌ವಿಚ್. ದುಡ್ಡಿಗಾಗಿ ಈ ಪತ್ರ ಬರೆಯುತ್ತಿಲ್ಲ ಅಂತ ಇದರಿಂದಲಾದರೂ ನಂಬಿ.

ಗುತ್ತಿಗೆದಾರರೇ, ನಿಮಗೂ ಎರಡು ಮಾತು. ಸನ್ನೆ ಮಾಡುವ ಒಬ್ಬ ಮನುಷ್ಯನ ಸಂಬಳ ಉಳಿಸಿ ನೀವು ಗೆದ್ದದ್ದು ಏನು? ತಾಗಿಸಿದ್ದನ್ನು ಹೇಳಿದವನ ಹೆಸರು ಯಾವ ಪಟ್ಟಿಗೆ ಹೋಗುತ್ತದೆ ಅಂತ ನಿಮ್ಮ ಕೆಲಸಗಾರರನ್ನೇ ಕೇಳಿ ನೋಡಿ, ಮ್ಯಾನೇಜರ್ ಪಕ್ಕದಲ್ಲಿಲ್ಲದಾಗ ಕೇಳಿ.

ನಿಯಂತ್ರಣ ಇಲಾಖೆಯವರೇ, ಪೈಲಟ್‌ಗೆ ಲೈಸೆನ್ಸ್ ಬೇಕು, ಎಂಜಿನಿಯರಿಗೆ ಬೇಕು. ವಿಮಾನಕ್ಕೆ ಮೊದಲು ಕೈ ಹಚ್ಚುವ, ಕೊನೆಗೆ ಕೈ ಬಿಡುವ ನೆಲದ ಕಂಪನಿಗಳನ್ನು ನೀವು ಬಹಳ ಕಾಲ ವಿಮಾನ ಕಂಪನಿಗಳ ಮತ್ತು ಏರ್‌ಪೋರ್ಟ್‌ಗಳ ಜವಾಬ್ದಾರಿ ಅಂತ ಬಿಟ್ಟಿದ್ದಿರಿ. ಯುರೋಪಿಯನ್ ಒಕ್ಕೂಟ ಇವರಿಗೂ ಸುರಕ್ಷತೆಯ ನಿಯಮ ಮಾಡಿ 2025ರಲ್ಲಿ ಪ್ರಕಟಿಸಿದೆ, ಅದು ಜಾರಿಗೆ ಬರುವುದು 2028ರಲ್ಲಿ. ಉಳಿದವರು ಯಾರನ್ನು ಕಾಯುತ್ತಿದ್ದೀರಿ? ಜೊತೆಗೆ ಒಂದು ಚಿಕ್ಕ ಕೆಲಸ ಮಾಡಬಹುದು, ಖರ್ಚಿಲ್ಲದ್ದು. ತಡವಾದ ವಿಮಾನಗಳ ಲೆಕ್ಕ ಪ್ರಕಟಿಸುವಾಗ ನೆಲದ ಮೇಲಿನ ಹಾನಿಗೆ ಬೇರೆ ಕಾಲಂ ಹಾಕಿ. ಯಾವ ಏರ್‌ಪೋರ್ಟಿನಲ್ಲಿ ಎಷ್ಟು, ಯಾವ ಗಾಡಿಯಿಂದ ಎಷ್ಟು. ಹುಡುಗರ ಹೆಸರು ಬೇಡ.

ಇನ್ನೊಂದು ಹೆದರಿಕೆ ಮನಸ್ಸಿನಲ್ಲಿದೆ. ನಾವು ಗೇಟಿನಲ್ಲಿ ಕೂಗಾಡಿದಷ್ಟೂ ಒತ್ತಡ ಆ ಎಂಜಿನಿಯರ್ ಮೇಲೆ ಬೀಳುತ್ತದೆ. 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀನಾ ಏರ್‌ಲೈನ್ಸ್‌ನ ಒಂದು ಬೋಯಿಂಗ್ 747 ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿತ್ತು. ರಿಪೇರಿಯನ್ನು ಕೈಪಿಡಿ ಹೇಳಿದ ಹಾಗೆ ಮಾಡಲಿಲ್ಲ, ಗೀಚಿದ ಭಾಗವನ್ನು ಕತ್ತರಿಸಿ ತೆಗೆಯದೆ ಮೇಲೆ ತೇಪೆ ಹಾಕಿದ್ದರು. ತೇಪೆಯಡಿ ಬಿರುಕು ಬೆಳೆಯಿತು. 22 ವರ್ಷ ಬೆಳೆಯಿತು. 2002ರ ಮೇ 25ರಂದು ಆ ವಿಮಾನ ಆಕಾಶದಲ್ಲೇ ಒಡೆದು 225 ಜನ ಹೋದರು. ಅದು ಗಾಡಿ ಗುದ್ದಿದ್ದಲ್ಲ, ನಿಜ. ಅಂದಾಜಿನಲ್ಲಿ ‘ಇಷ್ಟು ಸಾಕು’ ಅಂದುಕೊಂಡದ್ದು ಮಾತ್ರ ಎಲ್ಲ ಕಡೆ ಒಂದೇ. ಹಾಗಾಗಿ ನಮ್ಮ ಎಂಜಿನಿಯರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಕೊಡಿ. ನಾವು ಕಾಯುತ್ತೇವೆ. ಯಾಕೆ ಕಾಯುತ್ತಿದ್ದೇವೆ ಅಂತ ಗೊತ್ತಿದ್ದರೆ ಕಾಯುವುದು ಕಷ್ಟವೇ ಅಲ್ಲ, ಆವತ್ತು ಗಾಜಿನ ಹತ್ತಿರ ನಿಂತು ನೋಡಿದವರು ಒಬ್ಬರೂ ಕೂಗಾಡಲಿಲ್ಲ. ಕೂಗಾಡಿದವರೆಲ್ಲ ಬೋರ್ಡ್ ನೋಡುತ್ತಾ ಕೂತಿದ್ದವರು.

ಕೇಳುವುದು ಇಷ್ಟೇ. ಮೈಕ್ ಹಿಡಿದವರಿಗೆ ಒಂದು ವಾಕ್ಯ ಬರೆದು ಕೊಡಿ: ‘ಲಗೇಜ್ ಗಾಡಿ ವಿಮಾನಕ್ಕೆ ತಾಗಿದೆ, ಎಂಜಿನಿಯರ್ ಅಳೆಯುತ್ತಿದ್ದಾರೆ, ಹಾರುತ್ತದೋ ಇಲ್ಲವೋ 10 ಗಂಟೆಗೆ ಹೇಳುತ್ತೇವೆ, ಅಲ್ಲಿಯವರೆಗೆ ಊಟ ಮುಗಿಸಿ ಬನ್ನಿ.’ 10 ಗಂಟೆಗೆ ಗೊತ್ತಾಗದಿದ್ದರೆ ಗೊತ್ತಾಗಿಲ್ಲ ಅಂತಲೇ ಹೇಳಿ. ಅದೇ ವಾಕ್ಯ ಸಂಜೆಯವರ ಫೋನಿಗೂ ಹೋಗಲಿ, ಪರಿಹಾರದ ಅರ್ಜಿಯಲ್ಲಿ ‘ಕಾರಣ’ ಅನ್ನುವ ಖಾನೆಯಲ್ಲೂ ಬರಲಿ.

ನನ್ನ ದೂರಿಗೆ ಮೊನ್ನೆ ಉತ್ತರ ಬಂತು. ಎರಡು ಸಾಲು. ನಡುವೆ ‘ಕಾರ್ಯಾಚರಣೆಯ ಕಾರಣ’ ಅನ್ನುವ ಆ ಎರಡು ಪದ ಹಾಗೇ ಇವೆ. ಆ ಹುಡುಗ ಇನ್ನೂ ಕೆಲಸದಲ್ಲಿದ್ದಾನಾ ಅಂತ ಕೇಳಿದ್ದೆನಲ್ಲ, ಅದಕ್ಕೆ ಉತ್ತರ ಇಲ್ಲ. ಮತ್ತೆ ಬರೆದು ಕೇಳಿದ್ದೇನೆ.

ಇಂತಿ,
ಗಾಜಿನ ಈಚೆ ನಿಂತು ಎಲ್ಲ ನೋಡಿದ ಒಬ್ಬ ಪ್ರಯಾಣಿಕ